ಶೇಖಮ್ಮನ ಮಣ್ಣಿನ ಸುದ್ದಿ

“ಒಳಗ ಬರ್ರಿ ಕಾಕಾ, ಎಷ್ಟೊತ್ತಂತ ಬಾಗಲದಾಗ ನಿಂದ್ರತೀರಿ?” ಎಂದು ಉಮಾಶ್ರೀ ಎರಡನೆಯ ಸಲ ಕರೆದಳು. ಗುಂಡುಮಾಲ್ ಊರಿನಿಂದ ಬಂದಿದ್ದ ಅಂಜಯ್ಯ ಕದಲಲಿಲ್ಲ. ಕೈಯಲ್ಲಿ ಹಾರವಿಲ್ಲ, ಊದಿನಕಡ್ಡಿ ಇಲ್ಲ. ಹೆಗಲ ಮೇಲಿನ ಟವೆಲ್ಲನ್ನು ಕಂಕುಳಲ್ಲಿ ಅವುಚಿಕೊಂಡು ಒಳಗೆ ಕತ್ತು ಚಾಚಿ ನೋಡುತ್ತಿದ್ದ.

“ಮೊದ್ಲ ಹೇಳವ್ವ. ಈ ಸಲ ಖರೇನ?”

“ಖರೇನ ಕಾಕಾ.”

“ಹೋದ ಸಲಾನೂ ಖರೇ ಅಂದಿದ್ರು. ಹಾರ ತಗೊಂಡು, ಬಸ್ಸಿನಾಗೆಲ್ಲ ಅಳಕೋತ ಬಂದ್ರ ನಿಮ್ಮತ್ತಿ ಮಗ್ಗದ ಕುಣಿಯಾಗ ಕುಂತು ನಕ್ಕಳು. ಚಾ ಕುಡಿಸಿ ಕಳಿಸಿದ್ಲು. ಆ ಹಾರ ಹನುಮಪ್ಪಗ ಹಾಕಿ ಊರಿಗೆ ಹೋದೆ.”

ಉಮಾಶ್ರೀ ಬದಿಗೆ ಸರಿದಳು. ಪಡಸಾಲೆಯ ಗೋಡೆಗೆ ಆನಿಸಿ ಅವಳ ಅತ್ತೆ ಶೇಖಮ್ಮನನ್ನು ಕೂಡಿಸಿದ್ದರು. ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ, ಕೊರಳಲ್ಲಿ ಚೆಂಡುಹೂವಿನ ಹಾರ, ಮೈಮೇಲೆ ಕೆಂಪಂಚಿನ ಹಸಿರು ಸೀರೆ. ಲಿಂಗವಂತರ ಮನೆಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂಡಿಸಿಯೇ ಪೂಜೆ, ಕೂಡಿಸಿಯೇ ಮೆರವಣಿಗೆ, ಕೂಡಿಸಿಯೇ ಮಣ್ಣು. ಶೇಖಮ್ಮನ ಮುಖ ನೋಡಿದರೆ, ಎದುರಿಗಿದ್ದವರು ಏನೋ ತಪ್ಪು ಮಾತಾಡಿದ್ದಾರೆ, ಅವರ ಮಾತು ಮುಗಿಯಲಿ ಎಂದು ಕಾಯುತ್ತಿದ್ದಾಳೆ ಎನ್ನುವಂತಿತ್ತು.

ಅಂಜಯ್ಯ ಹೊಸ್ತಿಲಲ್ಲೇ ಕುಕ್ಕರಿಸಿದ. “ಯವ್ವಾ, ಎಂಥಾ ಹೆಣ್ಮಗಳು ಹೋದ್ಲು,” ಎಂದು ಟವೆಲ್ಲಿನಲ್ಲಿ ಮುಖ ಮುಚ್ಚಿ ಅತ್ತ. ಆಮೇಲೆ ಮೂಗು ಒರೆಸಿಕೊಂಡು ಹೇಳಿದ: “ರೇಡಿಯೋದಾಗ ಬರಲಿಲ್ಲಲ್ಲವ್ವ. ಯಾರೋ ಫೋನಿನಾಗ ಅಂದ್ರು. ರೇಡಿಯೋದಾಗ ಬರದೆ ಹೆಂಗ ನಂಬಲಿ?”

ನೋಡಿ, ಎಂಥ ವಿಪರೀತ! ಬದುಕಿದ್ದಾಗ ಸತ್ತಳೆಂದು ಊರಿಗೆಲ್ಲ ಸಾರಿದ ರೇಡಿಯೋ, ಸತ್ತ ದಿನ ಬಾಯಿ ಮುಚ್ಚಿಕೊಂಡು ಕೂತಿತ್ತು. ಮಗ್ಗದ ಕಂಬಕ್ಕೆ ನೇತುಹಾಕಿದ್ದ ಶೇಖಮ್ಮನ ಚಿಕ್ಕ ರೇಡಿಯೋದಿಂದ ಬರೀ ಗೊರಗೊರ ಶಬ್ದ ಬರುತ್ತಿತ್ತು. ಯಾರಿಗೂ ಅದನ್ನು ಆರಿಸುವ ಮನಸ್ಸಾಗಿರಲಿಲ್ಲ.

ನಾರಾಯಣಪೇಟೆಯ ಡಿಗ್ರಿ ಕಾಲೇಜಿನ ರೇಡಿಯೋ ಅದು. ಹುಡುಗ ಹುಡುಗಿಯರೇ ನಡೆಸುವಂಥದ್ದು. ಕನ್ನಡ, ತೆಲುಗು ಎರಡರಲ್ಲೂ ಹರಟುತ್ತಿದ್ದರು. ಹತ್ತಿಯ ಧಾರಣೆ, ಬಸ್ಸಿನ ವೇಳೆ, ಪರೀಕ್ಷೆಯ ಪಾಠ, ಯಾರದೋ ಅಜ್ಜಿಯ ಬೀಸೋ ಪದ, ಎಲ್ಲ ಬರುತ್ತಿದ್ದವು. ಗಾಳಿ ನೆಟ್ಟಗಿದ್ದರೆ ಗುಂಡುಮಾಲಿನ ತನಕ ಕೇಳಿಸುತ್ತದೆ ಎಂದು ಊರವರು ಎದೆಯುಬ್ಬಿಸಿ ಹೇಳುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಜನ ಕಿವಿಗೊಡುತ್ತಿದ್ದದ್ದು ಮುಂಜಾನೆಯ ‘ಮಣ್ಣಿನ ಸುದ್ದಿ’ಗೆ. ಯಾರು ತೀರಿಕೊಂಡರು, ಯಾರ ಮಗಳು, ಯಾರ ಹೆಂಡತಿ, ಮಣ್ಣು ಯಾವ ಹೊತ್ತಿಗೆ. ಆ ಹೊತ್ತಿನಲ್ಲಿ ಕೇರಿಯ ಲಾಳಿಗಳು ಒಂದೊಂದಾಗಿ ನಿಲ್ಲುತ್ತಿದ್ದವು.

ಈಗ ಕಾಲೇಜಿನ ಕಮಿಟಿ ರೇಡಿಯೋ ಬಂದ್ ಮಾಡಲು ಹೊರಟಿತ್ತು. ಆ ಕೋಣೆಯಲ್ಲಿ ಕಂಪ್ಯೂಟರ್ ಕೋಚಿಂಗ್ ಬರಬೇಕಂತೆ. ವಾರದ ಹಿಂದೆಯೇ ಕೋಣೆಗೆ ಬೀಗ ಬಿದ್ದಿತ್ತು. ಕಂಬದ ಮೇಲಿನ ಆಂಟೆನಾ ಇಳಿಸಲು ಗದ್ವಾಲದಿಂದ ಜನ ಬರುವ ದಿನ ಇವತ್ತೇ. ಕೀಲಿಕೈ ಇದ್ದದ್ದು ಕಮಿಟಿಯ ಸೆಕ್ರೆಟರಿ ಚಂದ್ರಕಾಂತನ ಜೇಬಿನಲ್ಲಿ. ಮಕ್ತಲದಿಂದ ಬಂದು ಇಲ್ಲಿ ಸೀರೆ ಅಂಗಡಿ ಇಟ್ಟವನು. ಶೇಖಮ್ಮನ ಸ್ವಂತ ಅಣ್ಣನ ಮಗ.

*

ಆ ಸುಳ್ಳು ಸಾವಿನ ಕತೆ ಕೇರಿಯಲ್ಲಿ ಎಲ್ಲರಿಗೂ ಬಾಯಿಪಾಠ.

ಎರಡು ವರ್ಷದ ಹಿಂದೆ ಸ್ರವಂತಿ ಕಾಲೇಜಿಗೆ ಹೊಸದಾಗಿ ಸೇರಿದ್ದಳು. ತೆಲುಗು ಮನೆಮಾತಿನ ಹುಡುಗಿ, ರೇಡಿಯೋದಲ್ಲಿ ಮಣ್ಣಿನ ಸುದ್ದಿ ಓದುತ್ತಿದ್ದಳು. ಒಂದು ಮುಂಜಾನೆ ಯಾರೋ ಫೋನ್ ಮಾಡಿ, “ಸೀರಿ ನೇಯೋ ಶೇಖಮ್ಮ ತೀರಿಕೊಂಡ್ಳು, ಹಾಕ್ರಿ,” ಎಂದು ಇಟ್ಟುಬಿಟ್ಟರು. ಊರು ಹೇಳಲಿಲ್ಲ. ಸೀರೆ ನೇಯುವವಳು ಎಂದ ಮೇಲೆ ನಾರಾಯಣಪೇಟೆಯವಳಲ್ಲದೆ ಇನ್ನೆಲ್ಲಿಯವಳು? ಸ್ರವಂತಿ ತಾನೇ ಊರಿನ ಹೆಸರು ಸೇರಿಸಿ ಓದಿಬಿಟ್ಟಳು. ಈ ಊರಿನಲ್ಲಿ ಹುಟ್ಟಿದ ಯಾರೇ ಆಗಿದ್ದರೂ ಅದೇ ತಪ್ಪು ಮಾಡುತ್ತಿದ್ದರು. ಪಾಪ, ಸತ್ತವಳು ಕೊತ್ತಪಲ್ಲಿಯ ಶೇಖಮ್ಮ.

ಮಗ್ಗದಲ್ಲಿ ಕೂತು ತನ್ನ ಸಾವಿನ ಸುದ್ದಿಯನ್ನು ತಾನೇ ಕೇಳಿದ ಶೇಖಮ್ಮ ಲಾಳಿ ಕೆಳಗಿಟ್ಟು, “ಉಮಾ, ನಾ ಸತ್ತೀನಂತ. ಒಲಿ ಹಚ್ಚು, ಮಂದಿ ಬರತಾರ, ಚಾಕ್ಕ ನೀರಿಡು,” ಎಂದಳು.

ಮಂದಿ ಬಂದರು. ಹಾರ ಬಂದವು. ಮಧ್ಯಾಹ್ನಕ್ಕೆ ಮಕ್ತಲದಿಂದ ಅವಳ ಅಣ್ಣ ಬಂದ. ಹೆಣ್ಣುಮಗಳು ಸತ್ತರೆ ತವರಿನವರು ಕಡೆಯ ಸೀರೆ ತರಬೇಕು. ಮುದುಕ ಎದೆಗೆ ಹಸಿರು ಸೀರೆಯೊಂದನ್ನು ಒತ್ತಿಕೊಂಡು, ಬೀದಿಯಲ್ಲಿ ಕಾಲು ಎಳೆಯುತ್ತಾ, “ಶೇಖೂ, ನನಗಿಂತ ಮೊದ್ಲ ಹೋದೇನವ್ವಾ,” ಎಂದು ಅಳುತ್ತಾ ಬಂದ. ತಂಗಿ ಬಾಗಿಲಲ್ಲಿ ನಿಂತದ್ದು ಕಂಡು ಅವನಿಗೆ ಬವಳಿ ಬಂತು. ನೀರು ಹೊಡೆದು ಎಬ್ಬಿಸಿದರು. ಶೇಖಮ್ಮ ಅಲ್ಲಿಯವರೆಗೆ ನಗುತ್ತಿದ್ದವಳು, ಅಣ್ಣನ ತಲೆ ತೊಡೆಯ ಮೇಲಿಟ್ಟುಕೊಂಡು ಅತ್ತಳು.

ಮರುದಿನ ಅದೇ ಹಸಿರು ಸೀರೆ ಉಟ್ಟು ಕಾಲೇಜಿಗೆ ನಡೆದಳು. ಸ್ರವಂತಿ ಹೆದರಿ ಮೇಜಿನ ಹಿಂದೆ ಸರಿದು, “ತಪ್ಪಾಯ್ತು ಅವ್ವಾ, ಇನ್ನು ರೇಡಿಯೋ ಕಡೆ ಬರಲ್ಲ,” ಎಂದು ಅಳಲಿಕ್ಕೆ ಹತ್ತಿದಳು.

“ಬರದ ಎಲ್ಲಿ ಹೋಗತಿ? ಎಳಿ ಹರೀತಂತ ಮಗ್ಗ ಸುಡತಾರೇನ? ಗಂಟು ಹಾಕಿ ನೇಯಬೇಕು,” ಎಂದು ಶೇಖಮ್ಮ ಮೈಕಿನ ಮುಂದೆ ಕೂತಳು. “ನಾರಾಯಣಪೇಟಿ ಶೇಖಮ್ಮ ಮಾತಾಡತೀನ್ರಪ. ನಾ ಸತ್ತಿಲ್ಲ. ಸತ್ತ ಮ್ಯಾಲ ಉಡೋ ಸೀರಿ ಬದುಕಿದ್ದಾಗ್ಲೇ ಉಟ್ಟೀನಿ. ಹಾರ ತಂದೋರಿಗೆ ಪುಣ್ಯ ಬರಲಿ. ಚಾ ಕುಡೀದ ಹೋದೋರು ಮತ್ತ ಬರ್ರಿ.”

ಊರು ಬಿದ್ದು ಬಿದ್ದು ನಕ್ಕಿತು. ಆವತ್ತಿನಿಂದ ರೇಡಿಯೋಕ್ಕೆ ಒಂದು ಕಟ್ಟಳೆ ಆಯಿತು, ಮಾಡಿದವಳು ಶೇಖಮ್ಮ. ಮಣ್ಣಿನ ಸುದ್ದಿಯನ್ನು ಹುಡುಗರು ಓದಬಾರದು. ಸತ್ತವರ ಮನೆಯವರೊಬ್ಬರು ಬಂದು ತಮ್ಮ ಬಾಯಿಂದಲೇ ಹೇಳಬೇಕು. ಹೆಂಗಸಾದರೆ ತವರಿನವರು ಹೇಳಬೇಕು. “ತವರಿಗೆ ಮುಟ್ಟದ ಸಾವು ಸಾವಲ್ಲ,” ಎಂದಿದ್ದಳು. ಕಡೆಗೆ ಹೇಳುವ ಮಾತನ್ನೂ ಅವಳೇ ಕಲಿಸಿದ್ದಳು: “ಬರೋರು ಬರ್ರಿ. ಬರಲಾರದೋರು ಇದ್ದಲ್ಲೇ ಕೈ ಮುಗೀರಿ.”

*

ಇವತ್ತು ಚಂದ್ರಕಾಂತ ತವರಿನ ಸೀರೆ ತಂದ. ಒಳ್ಳೆಯ ರೇಷ್ಮೆಯದೇ ತಂದಿದ್ದ; ಆ ವಿಷಯದಲ್ಲಿ ಅವನದು ತೆರೆದ ಕೈ. ಚಪ್ಪಲಿ ಬಿಟ್ಟು ಒಳಗೆ ಬಂದವನು ಅತ್ತೆಯ ಮೈಮೇಲಿನ ಹಸಿರು ಸೀರೆ ನೋಡಿ ನಿಂತ.

“ಇದು ನಮ್ಮ ಅಪ್ಪಾರು ತಂದಿದ್ದಲ್ಲ?”

“ಹೂಂನ್ರಿ,” ಎಂದಳು ಉಮಾಶ್ರೀ. “ಇದನ್ನ ಉಡಸ್ರಿ, ಇದರ ಮ್ಯಾಲ ಬೇಕಾದ್ದು ಹೊದಸ್ರಿ ಅಂತ ಹೇಳಿಟ್ಟಿದ್ರು.”

ಅವನ ಅಪ್ಪ ಹೋದ ವರ್ಷ ತೀರಿಕೊಂಡಿದ್ದ. ಈಗ ಶೇಖಮ್ಮನ ತವರು ಎಂದರೆ ಚಂದ್ರಕಾಂತನೊಬ್ಬನೇ. ಅವನು ಕಣ್ಣೊರೆಸಿಕೊಂಡು ರೇಷ್ಮೆ ಸೀರೆ ಹೊದಿಸಿ ಪಾದ ಮುಟ್ಟಿದ. ಎದ್ದು ತಿರುಗಿದರೆ ಎದುರಿಗೆ ಸ್ರವಂತಿ.

“ಸಾರ್, ಕೀಲಿಕೈ ಕೊಡ್ರಿ. ಅವ್ವನ ಸುದ್ದಿ ಹೇಳಬೇಕು. ನೀವೇ ಹೇಳಬೇಕು.”

“ಇಲ್ಲಿ ಸೂತಕ ಐತಿ, ಆ ಮಾತು ಇಲ್ಲಿ ಬ್ಯಾಡ.”

“ಹತ್ತಿರದ ಊರೋರಿಗೂ ಗೊತ್ತಿಲ್ಲ ಸಾರ್. ನೂರು ಮಂದಿ ಮಣ್ಣಿಗೆ ಅವ್ವ ಜನ ಕರೆಸಿದ್ಲು. ಅವ್ವನ ಮಣ್ಣಿಗೆ ಮಂದಿ ಇಲ್ಲ.”

“ಯಾರು ಕೇಳತಾರವ್ವ ಈಗ ರೇಡಿಯೋ? ಎಲ್ಲರ ಕೈಯಾಗ ಫೋನ್ ಐತಿ. ವಾಟ್ಸಾಪಿನಾಗ ಹಾಕೀನಿ, ಮುಗೀತು,” ಎಂದು ಅವನು ಹೊರಗೆ ಹೋದ.

ಹೊಸ್ತಿಲಲ್ಲಿ ಕೂತಿದ್ದ ಅಂಜಯ್ಯ ಟವೆಲ್ಲು ಕೊಡವಿದ. “ಫೋನಿನಾಗ ಕೇಳಿ ಬಂದೋನು ನಾನೊಬ್ಬ ಅದೀನ್ರಿ ಸಾವಕಾರ್ರ. ಅದೂ ಹಾರ ಇಲ್ಲದ ಬಂದೀನಿ.”

ಚಂದ್ರಕಾಂತ ಕೇಳಿಸದವನಂತೆ ಬಿದಿರು ಕಟ್ಟುವವರ ಕಡೆ ನಡೆದ. ಅಲ್ಲಿ ಹೆಣ ಕೂಡಿಸಿ ಹೊರುವ ವಿಮಾನ ಕಟ್ಟುತ್ತಿದ್ದ ಶೇಖಮ್ಮನ ಮಗ ಅಯ್ಯಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಚಂದ್ರಕಾಂತನ ಅಂಗಡಿಯಲ್ಲೇ ಸೀರೆ ಬಿಚ್ಚಿ ತೋರಿಸುವ ಕೆಲಸ ಅವನದು. ಜನ್ಮದಲ್ಲಿ ಯಾರಿಗೂ ಎದುರಾಡಿದವನಲ್ಲ. ‘ಅಯ್ಯಣ್ಣನ ಪಾಲಿನ ಮಾತೂ ಅವರವ್ವಗ ಬಂದಾವ’ ಎಂದು ಕೇರಿಯವರು ಚಾಷ್ಟಿ ಮಾಡುತ್ತಿದ್ದರು. ಅವನು ಬಿದಿರಿನ ಗಂಟನ್ನು ಬಿಗಿ ಮಾಡಿದ.

*

ಮೊನ್ನೆ ಸಂಜೆಯ ಮಾತು. ಮರುದಿನ ರಾತ್ರಿ ಮಲಗಿದ ಶೇಖಮ್ಮ ಮತ್ತೆ ಏಳಲಿಲ್ಲ.

ಕೋಣೆಗೆ ಬೀಗ ಬಿದ್ದ ದಿನದಿಂದ ಕೇರಿಯ ಹೆಂಗಸರು ಕಾಲೇಜಿನ ಗೇಟಿನ ಮುಂದೆ ಕೂತಿದ್ದರು. ಸುಮ್ಮನೆ ಕೂತವರಲ್ಲ; ರಾಟೆ ತಂದು ನೂಲು ಸುತ್ತುತ್ತಾ ಕೂತಿದ್ದರು. ಘೋಷಣೆ ಕೂಗುವ ಕೆಲಸ ಹುಡುಗರದು, ಸರಿಯಾಗಿ ಕೂಗದಿದ್ದರೆ ಬೈಯುವ ಕೆಲಸ ಶೇಖಮ್ಮನದು. ಅಂಗಡಿಯವರು ಮಜ್ಜಿಗೆ ಕಳಿಸಿದರು. ಹಮಾಲರು ಕೆಲಸ ಮುಗಿಸಿ ಬಂದು ಹಿಂದೆ ಕೂತರು. ಇಷ್ಟು ಜನ ತಮ್ಮ ರೇಡಿಯೋ ಕೇಳುತ್ತಿದ್ದರೆಂದು ಹುಡುಗರಿಗೇ ಗೊತ್ತಿರಲಿಲ್ಲ.

ಚಂದ್ರಕಾಂತ ಕಾರಿನಿಂದ ಇಳಿದು ಅತ್ತೆಯ ಮುಂದೆ ಕೂತ. “ಅತ್ತಿ, ನಾಕು ಮಂದಿ ಮುಂದ ನನ್ನ ಮರ್ಯಾದಿ ತೆಗೀಬ್ಯಾಡ. ಮನಿಗೆ ನಡಿ. ನಿನಗ ಹೊಸಾ ಮೊಬೈಲ್ ಕೊಡಸತೀನಿ, ಅದರಾಗ ಜಗತ್ತೇ ಕೇಳು.”

“ಜಗತ್ತು ಕಟಗೊಂಡು ಏನ ಮಾಡ್ಲಿ ಚಂದೂ? ಬಾಜೂ ಓಣ್ಯಾಗ ಯಾರು ಸತ್ತಾರ ಅಂತ ನಿನ್ನ ಜಗತ್ತು ಹೇಳತೈತೇನ?” ಎಂದು ಶೇಖಮ್ಮ ರಾಟೆ ನಿಲ್ಲಿಸಿದಳು. “ಈ ಮಗ್ಗದಾಗ ಮುದುಕಿ ಆದೆ. ನಾ ನೇದ ಸೀರಿ ಎಲ್ಲೆಲ್ಲೋ ಹೋದ್ವು, ಯಾರು ಉಟ್ಟರೋ, ನನಗ ಗೊತ್ತಿಲ್ಲ, ಅವರಿಗೆ ನಾ ಗೊತ್ತಿಲ್ಲ. ರೇಡಿಯೋದಾಗ ಒಂದ ದಿನ ಮಾತಾಡಿದೆ, ಸಂತ್ಯಾಗ ‘ನೀ ಶೇಖಮ್ಮ ಅಲ್ಲೇನ’ ಅಂತ ಮಂದಿ ನಿಂದರಿಸಿ ಕೇಳಿದ್ರು. ನನಗೊಂದು ದನಿ ಐತಿ ಅಂತ ಆವತ್ತ ಗೊತ್ತಾತು. ಅದನ್ನ ಕಸಗೊಂಡು ಮೊಬೈಲ್ ಕೊಡತಿಯೇನ?”

“ಕಮಿಟಿ ಹುಕುಂ ಅತ್ತಿ. ನನ್ನೊಬ್ಬನ ಕೈಯಾಗಿಲ್ಲ,” ಎಂದು ಚಂದ್ರಕಾಂತ ಎದ್ದ.

“ಕೀಲಿಕೈ ನಿನ್ನ ಜೇಬಿನಾಗೈತಿ, ಕೈಯಾಗ ಹೆಂಗ ಇದ್ದೀತು?” ಎಂದಳು ಶೇಖಮ್ಮ. ಹೆಂಗಸರು ಕಿಸಕ್ಕನೆ ನಕ್ಕರು. ಕತ್ತಲಾಗುತ್ತಿದ್ದಂತೆ ರಾಟೆ ಎತ್ತಿಕೊಂಡು ಎದ್ದವಳು ಗೇಟಿನ ಕಡೆ ತಿರುಗಿ, ದೊಡ್ಡ ದನಿಯಲ್ಲಿ, ಒಳಗಿದ್ದವರಿಗೂ ಕೇಳಲೆಂದು ಹೇಳಿದಳು: “ಎಲ್ಲಿ ಹೋಗತೀನಿ? ಆಂಟೆನಾ ಇಳಸೋ ದಿನ ಬಂದು ಇಲ್ಲೇ ಕುಂದ್ರತೀನಿ. ಯಾರ ಎಬ್ಬಸತಾರ ನೋಡತೀನಿ.”

*

ವಿಮಾನ ಎದ್ದಿತು. ಬಿದಿರಿನ ಕಮಾನಿಗೆ ಬಾಳೆ, ಹೂವು, ನಾಲ್ಕು ಮೂಲೆಗೆ ಸೀರೆಯ ಅಂಚಿನ ತುಂಡುಗಳು. ಅದು ನೇಕಾರ ಕೇರಿಯ ಮರ್ಯಾದೆ. ಒಳಗೆ ಶೇಖಮ್ಮ ನೆಟ್ಟಗೆ ಕೂತಿದ್ದಳು. ಉಮಾಶ್ರೀ ಅತ್ತೆಯ ರೇಡಿಯೋವನ್ನು ತಂದು ಕಮಾನಿಗೆ ಕಟ್ಟಿದಳು. ಬೇಡವೆನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ಮುಂದಿನ ಹೆಗಲು ಅಯ್ಯಣ್ಣನದು ಮತ್ತು ತವರಿನ ಚಂದ್ರಕಾಂತನದು. ಹಿಂದಿನದು ಕೇರಿಯ ಇಬ್ಬರದು. ಶರಣಯ್ಯ ಸ್ವಾಮಿಗಳು ಶಂಖ ಊದಿದರು, ಭಜನೆಯವರು ತಾಳ ಹಾಕಿದರು.

ಚೌಕದಲ್ಲಿ ಬಲಕ್ಕೆ ಹೊರಳಿದರೆ ರುದ್ರಭೂಮಿ, ಎಡಕ್ಕೆ ಹೊರಳಿದರೆ ಕಾಲೇಜು. ಅಯ್ಯಣ್ಣ ಎಡಕ್ಕೆ ಹೊರಳಿದ.

“ಏ, ಎಲ್ಲಿಗೆ? ಈಕಡಿ ನಡಿ,” ಎಂದ ಚಂದ್ರಕಾಂತ.

“ಗೊತ್ತೈತಿ ಭಾವ.”

ಅಂಗಡಿಯಲ್ಲಿ ಇಷ್ಟು ವರ್ಷ ಅವನನ್ನು ಸಾವಕಾರ್ರ ಎಂದೇ ಕರೆದವನು ಅಯ್ಯಣ್ಣ. ಚಂದ್ರಕಾಂತನಿಗೆ ಕಾಲು ಎಡವಿದಂತಾಯಿತು. ಒಂದೇ ಬಿದಿರಿಗೆ ಹೆಗಲು ಕೊಟ್ಟವನು ನಿಲ್ಲುವ ಹಾಗಿಲ್ಲ, ಬಿಡುವ ಹಾಗಿಲ್ಲ. ಅವನೂ ಎಡಕ್ಕೆ ನಡೆದ.

ಗೇಟಿನ ಮುಂದೆ ಅಯ್ಯಣ್ಣ ಮೊಣಕಾಲು ಬಗ್ಗಿಸಿದ. ವಿಮಾನ ಇಳಿಯಿತು. ಶೇಖಮ್ಮನ ಮುಖ ಗೇಟಿನ ಕಡೆಗೆ, ಮೊನ್ನೆ ರಾಟೆ ಇಟ್ಟುಕೊಂಡು ಕೂತ ಜಾಗದಲ್ಲೇ. ಒಳಗೆ ಗದ್ವಾಲದವರು ಬಂದಾಗಿತ್ತು. ಸಾಯಿನಾಥ ಎಂಬವನು ಕಂಬದ ಅರ್ಧ ಏರಿದ್ದ. ಆಂಟೆನಾ ಇಳಿಸುವ ಉದ್ದನೆಯ ನೀಲಿ ಹಗ್ಗ ಗೇಟಿನ ಬಳಿ ಸುತ್ತಿ ಬಿದ್ದಿತ್ತು. ಕೆಳಗೆ ಕೂತ ಹೆಣವನ್ನು ಕಂಡು ಸಾಯಿನಾಥ ಕಂಬವನ್ನು ತಬ್ಬಿಕೊಂಡ.

“ಬರತೀನಿ ಅಂದಿದ್ಲು, ಬಂದ್ಲು ನೋಡ್ರೇ ನಮ್ಮ ಶೇಖಮ್ಮ!” ಎಂದು ಒಬ್ಬ ಹೆಂಗಸು ಎದೆ ಬಡಿದುಕೊಂಡಳು. ಅಳುವುದೋ, ಕೇಕೆ ಹಾಕುವುದೋ ತಿಳಿಯದೆ ಎಲ್ಲರೂ ಎರಡನ್ನೂ ಮಾಡಿದರು. ಹೆಂಗಸರು ವಿಮಾನದ ಸುತ್ತ ಕೂತರು. ಹುಡುಗರು ಕೂತರು. ಅಂಜಯ್ಯ ಟವೆಲ್ಲು ಹಾಸಿ ಕೂತ.

“ಎತ್ರಿ, ಹೊತ್ತಾಗತೈತಿ. ಸ್ವಾಮ್ಯಾರ, ನೀವಾರ ಹೇಳ್ರಿ,” ಎಂದ ಚಂದ್ರಕಾಂತ.

ಶರಣಯ್ಯ ಸ್ವಾಮಿಗಳು ಶಂಖವನ್ನು ಜೋಳಿಗೆಗೆ ಹಾಕಿದರು. “ಹೊತ್ತೋರು ನಾಕೂ ಮಂದಿ ಒಂದ ಮನಸಾದ್ರ ವಿಮಾನ ಏಳತೈತಿ. ಒಬ್ಬ ಕುಂತ್ರ ಕುಂತಂಗ.”

ಅಯ್ಯಣ್ಣ ಆಗಲೇ ಕೂತಿದ್ದ. ಅವ್ವನ ಪಾದದ ಹತ್ತಿರ, ಚಕ್ಕಳಮಕ್ಕಳ ಹಾಕಿಕೊಂಡು.

“ಅಯ್ಯಣ್ಣ, ಏನಿದು?”

“ನಮ್ಮವ್ವನ ಸುದ್ದಿ ಹೇಳು ಭಾವ.” ಅವನು ವಿಮಾನದ ಬಿದಿರನ್ನು ಹಿಡಿದುಕೊಂಡ. “ಸುಳ್ಳ ಸತ್ತಾಗ ಊರ ಕೂಡಿತ್ತು. ಖರೇ ಸತ್ತಾಳ, ಯಾರಿಗೂ ಗೊತ್ತಿಲ್ಲ. ತವರು ಅಂತ ನೀ ಒಬ್ಬನ ಉಳದಿ. ನೀ ಹೇಳೋತನ ನಾ ಏಳೂದಿಲ್ಲ. ನಾಳಿಂದ ಅಂಗಡಿಗೆ ಬರಬ್ಯಾಡ ಅಂದ್ರ ಬರೂದಿಲ್ಲ.”

ಚಂದ್ರಕಾಂತ ಸುತ್ತ ನೋಡಿದ. ಯಾರೂ ಬೈಯುತ್ತಿರಲಿಲ್ಲ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು, ಶೇಖಮ್ಮನೂ ಸೇರಿದಂತೆ. ಹೊದಿಸಿದ ರೇಷ್ಮೆ ಜಾರಿ ಒಳಗಿನ ಹಸಿರು ಸೀರೆಯ ಕೆಂಪಂಚು ಕಾಣುತ್ತಿತ್ತು; ಬೀದಿಯಲ್ಲಿ ಕಾಲೆಳೆಯುತ್ತಾ ಬಂದ ಅಪ್ಪನ ಎದೆಯ ಮೇಲಿದ್ದ ಅಂಚು. ಅವನು ರೇಷ್ಮೆಯನ್ನು ಸರಿಮಾಡಿದ. ಜೇಬಿಗೆ ಕೈ ಹಾಕಿದ.

“ಇದೊಂದ ಸುದ್ದಿ,” ಎಂದ ಸ್ರವಂತಿಗೆ. “ಇದೊಂದ.”

ಸ್ವಲ್ಪ ಹೊತ್ತಿಗೆ ಕಮಾನಿಗೆ ಕಟ್ಟಿದ್ದ ರೇಡಿಯೋದ ಗೊರಗೊರ ನಿಂತಿತು. ತಾಳ ನಿಂತವು. ಸ್ರವಂತಿಯ ದನಿ, “ಮಣ್ಣಿನ ಸುದ್ದಿ,” ಎಂದಿತು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು.

“ನಾನು... ಮಕ್ತಲದ ಚಂದ್ರಕಾಂತ. ನಮ್ಮ ಅತ್ತಿ ಶೇಖಮ್ಮ, ನಾರಾಯಣಪೇಟಿ ಶೇಖಮ್ಮ, ಕೊತ್ತಪಲ್ಲಿಯಾಕಿ ಅಲ್ರಿ, ನೀವು ಕೇಳೀರಲ್ಲ, ಆ ಶೇಖಮ್ಮ. ತೀರಿಕೊಂಡ್ಳು. ಖರೇ ತೀರಿಕೊಂಡ್ಳು. ತವರಿನವ ನಾನ ಹೇಳಾಕತ್ತೀನಿ. ಕಾಲೇಜಿನ ಗೇಟಿನ ಮುಂದ ಕುಂತಾಳ. ನೀವು ಬರೋತನ ಕುಂತಿರತಾಳ. ಬರೋರು ಬರ್ರಿ. ಬರಲಾರದೋರು... ಇದ್ದಲ್ಲೇ ಕೈ ಮುಗೀರಿ.”

ಅಯ್ಯಣ್ಣ ಮುಖ ಮುಚ್ಚಿಕೊಂಡು ಹೋ ಎಂದು ಅತ್ತ. ಬೆಳಗಿನಿಂದ ಅವನು ಅತ್ತಿರಲಿಲ್ಲ.

ಮೊದಲು ಪಕ್ಕದ ಓಣಿಯವರು ಬಂದರು. ಆಮೇಲೆ ಆಟೋಗಳು, ಟ್ರ್ಯಾಕ್ಟರುಗಳು. ಕೊತ್ತಪಲ್ಲಿಯಿಂದ ಆ ಇನ್ನೊಬ್ಬ ಶೇಖಮ್ಮನ ಮಗಳು ಬಂದು, “ನಮ್ಮವ್ವನ ಸುದ್ದಿ ಮರುದಿನ ನೆಟ್ಟಗ ಹೇಳಿಸಿದಾಕಿ ಈಕಿ,” ಎಂದು ಎಲ್ಲರಿಗೂ ಹೇಳಿಕೊಂಡು ಅತ್ತಳು. ಗುಂಡುಮಾಲಿನಿಂದ ಒಂದು ಜೀಪು ತುಂಬಾ ಜನ ಬಂದರು; “ಗಾಳಿ ನೆಟ್ಟಗಿತ್ರಿ, ಸ್ವಚ್ಛ ಕೇಳಿಸ್ತು,” ಎಂದ ಅಂಜಯ್ಯನ ತಮ್ಮ. ಅವನು ಅಣ್ಣನಿಗಾಗಿ ಒಂದು ಹಾರ ಹೆಚ್ಚಿಗೆ ತಂದಿದ್ದ. ಅಂಜಯ್ಯ ಎದ್ದು ಅದನ್ನು ಶೇಖಮ್ಮನ ಕೊರಳಿಗೆ ಹಾಕಿ, “ತಗೋ ಯವ್ವಾ, ಬಾಕಿ ಉಳದಿತ್ತು,” ಎಂದ. ಹೂವಿನ ಭಾರಕ್ಕೆ ಶೇಖಮ್ಮನ ಮುಖವಷ್ಟೇ ಕಾಣುವಂತಾಯಿತು. ಸಾಯಿನಾಥ ಕಂಬದಿಂದ ಇಳಿದು, ಬೂಟು ಕಳಚಿ, ಜನರ ಹಿಂದೆ ಕೂತಿದ್ದ.

ಬಿಸಿಲು ಇಳಿಮುಖವಾದಾಗ ಶರಣಯ್ಯ ಸ್ವಾಮಿಗಳು, “ಇನ್ನ ಏಳಸ್ರಿ,” ಎಂದರು. ಈ ಸಲ ನಾಲ್ವರೂ ಬಗ್ಗಿದರು. ಎತ್ತುತ್ತಿದ್ದಂತೆ ಚಂದ್ರಕಾಂತನ ಕಡೆಯ ಬಿದಿರಿನ ಕಟ್ಟು ಸಡಿಲಿ ಕರಕರ ಎಂದಿತು. ಹೂವಿನ ಭಾರ, ಹೊತ್ತು ಕಾದ ಭಾರ. ವಿಮಾನ ವಾಲಿತು. ಹೆಂಗಸರು ಚೀರಿದರು.

“ಹಗ್ಗ! ಯಾರರೆ ಹಗ್ಗ ತರ್ರಿ!”

ಯಾರ ಬಳಿಯೂ ಹಗ್ಗವಿರಲಿಲ್ಲ. ಚಂದ್ರಕಾಂತ ಅತ್ತಿತ್ತ ನೋಡಿದ, ಗೇಟಿನ ಬಳಿ ಬಿದ್ದಿದ್ದ ನೀಲಿ ಹಗ್ಗದ ಸುರುಳಿ ಕಂಡಿತು. ಹೆಗಲನ್ನು ಇನ್ನೊಬ್ಬರಿಗೆ ಕೊಟ್ಟು ಹೋಗಿ ಅದನ್ನು ಎತ್ತಿಕೊಂಡ.

“ಸಾರ್, ಅದು ಆಂಟೆನಾದ್ದು,” ಎಂದ ಸಾಯಿನಾಥ. “ಅದು ಲೇಕುಂಟೆ ಪನಿ ಕಾದು ಸಾರ್, ಅದಿಲ್ಲದ ಆಂಟೆನಾ ಇಳಸಾಕ ಆಗೂದಿಲ್ಲ. ಅದೊಂದೇ ಐತಿ.”

ಶರಣಯ್ಯ ಸ್ವಾಮಿಗಳು ಅವನ ಕೈಯಲ್ಲಿದ್ದ ಹಗ್ಗ ನೋಡಿ ಮೆಲ್ಲಗೆ ಹೇಳಿದರು: “ಚಂದ್ರಕಾಂತ, ಮಣ್ಣಿಗೆ ಹೋದ ಹಗ್ಗ ತಿರುಗಿ ಬರೂದಿಲ್ಲ, ನೋಡು.”

“ಗೊತ್ತೈತ್ರಿ ಸ್ವಾಮ್ಯಾರ.”

ಅವನು ಬಿದಿರಿಗೆ ಹಗ್ಗ ಸುತ್ತಿದ. ಒಂದು ಸುತ್ತು ಸಾಕಿತ್ತು. ಸುರುಳಿ ಮುಗಿಯುವ ತನಕ ಸುತ್ತಿದ, ನಾಲ್ಕೂ ಮೂಲೆಗೆ ಎಳೆದು ಬಿಗಿದ, ಕಡೆಯ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದ. ಆಮೇಲೆ ಬಂದು ಅಯ್ಯಣ್ಣನ ಪಕ್ಕದಲ್ಲಿ ಹೆಗಲು ಕೊಟ್ಟ. ಹಿಂದೆ ಕೋಣೆಯ ಬಾಗಿಲು ತೆರೆದೇ ಇತ್ತು, ಕೀಲಿಕೈ ಬೀಗದಲ್ಲೇ ನೇತಾಡುತ್ತಿತ್ತು. ಕಂಬದ ತುದಿಯಲ್ಲಿ ಆಂಟೆನಾ ಇದ್ದ ಹಾಗೇ ಇತ್ತು. ಶೇಖಮ್ಮ ನೀಲಿ ಹಗ್ಗದ ನಡುವೆ ನೆಟ್ಟಗೆ ಕೂತು, ತಲೆಯ ಮೇಲೆ ತನ್ನ ರೇಡಿಯೋ ಮಾತಾಡುತ್ತಿರಲು, ಚೌಕ ದಾಟಿ ರುದ್ರಭೂಮಿಯ ಹಾದಿ ಹಿಡಿದಳು.